ತಾರೀಖೇ ಇಲ್ಲದ್ದು ಎಂಥ ನಾಡಹಬ್ಬ?

'ಬನವಾಸಿಯ ಕದಂಬೋತ್ಸವ ಸರ್ಕಾರವೇ ಮಾಡುವ ಉತ್ಸವ. ಮುಖ್ಯಮಂತ್ರಿಗಳೇ ಬಂದು ದೀಪ ಹಚ್ಚುತ್ತಾರೆ. ಇದಕ್ಕಿಂತ ಮಾನ್ಯತೆ ಇನ್ನೇನು ಬೇಕು?' ಎಂದು ಕೇಳುವವರಿಗೆ ನನ್ನದು ಒಂದೇ ಪ್ರಶ್ನೆ. ಆ ಉತ್ಸವ ಯಾವ ದಿನ?

2023ರಲ್ಲಿ ಫೆಬ್ರುವರಿ ಕೊನೆಗೆ ಆಯಿತು. 2024ರಲ್ಲಿ ಮಾರ್ಚ್ ಮೊದಲ ವಾರ. 2025ರಲ್ಲಿ ಏಪ್ರಿಲ್ 12. ಮೂರು ವರ್ಷ, ಮೂರು ತಿಂಗಳು. ಮೈಸೂರು ದಸರೆಯನ್ನು ಹೀಗೆ ಎಳೆದಾಡುವ ಧೈರ್ಯ ಯಾವ ಸರ್ಕಾರಕ್ಕಿದೆ? ವಿಜಯದಶಮಿ ಯಾವ ಮಂತ್ರಿಯ ಬಿಡುವಿಗೂ ಕಾಯುವುದಿಲ್ಲ, ಮಂತ್ರಿಗಳೇ ಅದಕ್ಕೆ ಕಾಯುತ್ತಾರೆ. ಬನವಾಸಿಯಲ್ಲಿ ಮಾತ್ರ ಊರಿಗೆ ಊರೇ ವೇದಿಕೆಯ ಅತಿಥಿಗಳ ಪುರುಸೊತ್ತು ಕಾಯಬೇಕು. ಇದನ್ನು ಮಾನ್ಯತೆ ಎಂದು ನಾನು ಒಪ್ಪುವುದಿಲ್ಲ.

ತಾರೀಖು ಸಣ್ಣ ವಿಷಯ ಎನ್ನುವವರು ಶಿರಸಿಯ ಮಾರಿಕಾಂಬಾ ಜಾತ್ರೆ ನೋಡಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯ ದಿನ ತಿಂಗಳುಗಳ ಮೊದಲೇ ಗೊತ್ತಾಗುತ್ತದೆ. ಬಳೆ ಅಂಗಡಿಯವರು, ನಾಟಕ ಕಂಪನಿಯವರು, ತೊಟ್ಟಿಲು ತಿರುಗಿಸುವವರು ಅದನ್ನೇ ನಂಬಿ ವರ್ಷದ ಲೆಕ್ಕ ಹಾಕಿಕೊಳ್ಳುತ್ತಾರೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಆ ವಾರಕ್ಕೆಂದೇ ತವರಿಗೆ ಬರುತ್ತಾರೆ. ಬಿಡಕಿಬಯಲಿನ ಗದ್ದುಗೆಯ ಮೇಲೆ ಅಮ್ಮ ಕೂರುವ ದಿನವನ್ನು ಬೆಂಗಳೂರಿನಲ್ಲಿ ನಿಶ್ಚಯ ಮಾಡುವುದಿಲ್ಲ. ಆದ್ದರಿಂದಲೇ ಅದು ಜನರ ಹಬ್ಬ.

ಯಕ್ಷಗಾನದ ಮೇಳದವರನ್ನು ಕೇಳಿ. ತಿರುಗಾಟದ ನಡುವೆ ವೀಳ್ಯ ಹಿಡಿದು ಆಟ ಒಪ್ಪಿಕೊಂಡ ಮೇಲೆ, ಹದಿನೈದು ದಿನ ಮೊದಲು ಬಂದ ಕದಂಬೋತ್ಸವದ ಸರ್ಕಾರಿ ಕರೆಗೆ ಅವರು ಹೇಗೆ ಹೋಗಬೇಕು? ಯಲ್ಲಾಪುರದ ಕಾಡಿನಿಂದ ಬರುವ ಸಿದ್ದಿಯರ ಡಮಾಮಿ ತಂಡಕ್ಕೆ, ಸಿದ್ದಾಪುರದ ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರಿಗೆ, ಆ ದಿನದ ಕೂಲಿ ಬಿಟ್ಟು ಬರಬೇಕೋ ಬೇಡವೋ ಎಂದು ಯೋಚಿಸಲಾದರೂ ಸಮಯ ಬೇಡವೇ? ದಿನ ತಡವಾಗಿ ಗೊತ್ತಾದಾಗ ಸುಲಭವಾಗಿ ಸಿಗುವವರು ಹೊರಗಿನ ಆರ್ಕೆಸ್ಟ್ರಾದವರು. ರಾತ್ರಿಯ ಒಳ್ಳೆಯ ಹೊತ್ತು ಅವರಿಗೆ ಹೋಗುತ್ತದೆ. ನಮ್ಮವರಿಗೆ ಮಧ್ಯಾಹ್ನದ ಬಿಸಿಲು, ಖಾಲಿ ಕುರ್ಚಿ.

ನೋಡಲು ಹೋಗುವವರ ಪಾಡು ಇನ್ನೊಂದು. ಬನವಾಸಿ ಒಂದು ಮೂಲೆಯಾದರೆ ಮತ್ತಿಘಟ್ಟದ ಕಡೆಯ ನಾವು ಇನ್ನೊಂದು ಮೂಲೆ. ಶಿರಸಿಗೆ ಬಂದು, ಬಸ್ಸು ಬದಲಿಸಿ ಹೋಗಬೇಕು. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಘಟ್ಟದಂಚಿನ ಊರುಗಳಿಗೆ ಮರಳಲು ಬಸ್ಸಿದೆಯೇ ಎಂದು ಯಾವ ಸಭೆಯಾದರೂ ಕೇಳಿದೆಯೇ? ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಸರ್ಕಾರಕ್ಕೆ ಕಾಳಿ, ಶರಾವತಿಗಳ ಕರೆಂಟು ಬೇಕು, ಕಾಡು ಬೇಕು, ಕೈಗಾದ ಅಣುಸ್ಥಾವರ ಬೇಕು. ಜನರ ಮಾತು ಬಂದಾಗ ಮಾತ್ರ 'ನೋಡೋಣ'. ಉತ್ಸವದ ಮಾತಿಗೆ ಇದೇಕೆ ಎನ್ನಬಹುದು. ಎರಡೂ ಒಂದೇ ಅಸಡ್ಡೆಯಿಂದ ಹುಟ್ಟಿದ್ದು, ಅದಕ್ಕೇ ಹೇಳುತ್ತಿದ್ದೇನೆ.

ಕನ್ನಡ ನೆಲದಲ್ಲಿ ಹುಟ್ಟಿದ ಮೊದಲ ಅರಸುಮನೆ ಕದಂಬರದು. ಕಾರವಾರದ ನೌಕಾನೆಲೆಗೆ ಅವರ ಹೆಸರಿದೆ. ಗೋವಾ ಸರ್ಕಾರ ತನ್ನ ಬಸ್ಸುಗಳ ಮೇಲೆ ಅದೇ ಹೆಸರು ಬರೆಸಿಕೊಂಡು ದಿನವೂ ಓಡಿಸುತ್ತದೆ. ಅವರ ರಾಜಧಾನಿಯ ಉತ್ಸವಕ್ಕೆ ಕ್ಯಾಲೆಂಡರಿನಲ್ಲಿ ಒಂದು ಚೌಕ ಕೊಡಲು ನಮಗೇ ಆಗಿಲ್ಲ. 1987ರಲ್ಲಿ ಕುವೆಂಪು ಅವರಿಗೆ ಮೊದಲು ಸಂದು ಆರಂಭವಾದ ಪಂಪ ಪ್ರಶಸ್ತಿ ಇದೇ ವೇದಿಕೆಯಲ್ಲಿ ಸಲ್ಲುತ್ತದೆ. ನಾಡಿನ ಹಿರಿಯ ವಿದ್ವಾಂಸರೂ ಉತ್ಸವದ ದಿನ ಯಾವಾಗ ಗೊತ್ತಾದೀತೆಂದು ಕಾಯಬೇಕೇ? ಪಂಪ ನೆನೆನೆನೆದು ಹಂಬಲಿಸಿದ ಊರಿನಲ್ಲಿ ಅವನ ಹೆಸರಿನ ಗೌರವಕ್ಕೆ ಇದು ತಕ್ಕುದಲ್ಲ.

ದಿನ ಒಂದನ್ನು ಗೊತ್ತು ಮಾಡಿ ಸರ್ಕಾರಿ ಆದೇಶದಲ್ಲಿ ಬರೆಯಿರಿ. ಮಂತ್ರಿಗಳು ಬಂದರೆ ಸಂತೋಷ, ಬಾರದಿದ್ದರೆ ಊರ ಹಿರಿಯರೊಬ್ಬರು ದೀಪ ಹಚ್ಚಲಿ. ಮುಂದಿನ ಕದಂಬೋತ್ಸವ ಯಾವಾಗ ಎಂದು ಈಗ ಬನವಾಸಿಯ ರಥಬೀದಿಯಲ್ಲಿ ಕೇಳಿದರೆ ಯಾರೂ ಹೇಳಲಾರರು. ಮಧುಕೇಶ್ವರನ ತೇರು ಯಾವಾಗ ಎಂದು ಕೇಳಿ, ಮಕ್ಕಳೂ ಹೇಳುತ್ತಾರೆ.