ಓವರ್‌ಲಾಕ್ ಯಂತ್ರವೂ ಗ್ರಾಹಕರ ಹಕ್ಕೂ

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಹೆಣ್ಣುಮಕ್ಕಳಲ್ಲಿ ಮನೆಯಲ್ಲೇ ರವಿಕೆ, ನೈಟಿಗಳನ್ನು ಹೊಲಿದು ಸಂಪಾದಿಸುವವರಿದ್ದಾರೆ. ಅವರು ಕೊಂಡ ಓವರ್‌ಲಾಕ್ ಯಂತ್ರ ಕೆಟ್ಟು ದೂರಿತ್ತರೆ, 'ವ್ಯಾಪಾರಕ್ಕೆ ಕೊಂಡಿರಿ, ನೀವು ಗ್ರಾಹಕರಲ್ಲ' ಎಂಬ ವಾದ ಮೊದಲು ಏಳುತ್ತದೆ. ಆ ವಾದ ನಿಲ್ಲದು. ಕೊಯಮತ್ತೂರಿನ ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ವಿರುದ್ಧ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಹೂಡಿದ್ದ ಪ್ರಕರಣದಲ್ಲಿ, ಜೀವನೋಪಾಯಕ್ಕಾಗಿ ತಾವೇ ನಡೆಸಲು ಯಂತ್ರ ಕೊಂಡವರು ಗ್ರಾಹಕರೇ, ಒಬ್ಬಿಬ್ಬರ ನೆರವು ಪಡೆದರೂ ಆ ಹಕ್ಕು ತಪ್ಪದು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿವರಿಸಿತು. (ಮೊಕದ್ದಮೆ ಹೂಡಿದ ಸಂಸ್ಥೆ ಮಾತ್ರ ಸೋತಿತು, ಅದರ ಉದ್ದೇಶ ವಾಣಿಜ್ಯವಾಗಿತ್ತು.) 2019ರ ಕಾಯಿದೆಯ 2(7)ನೇ ಕಲಮಿನ ವಿವರಣೆಯೂ ಹೀಗೆಯೇ ಇದೆ. ದೂರನ್ನು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, 2 ವರ್ಷದೊಳಗೆ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

'ಬಳಸಲು ಬಾರದೆ ಕೆಡಿಸಿದರು' ಎಂಬ ಎರಡನೆಯ ವಾದವೇ ತೊಡಕಿನದು. ಈ ಯಂತ್ರ ಅಂಚನ್ನು ಕತ್ತರಿಸುತ್ತಲೇ ಹೊಲಿಯುವುದರಿಂದ ನೂಲಿನ ಧೂಳು ಲೂಪರ್‌ಗಳ ಸುತ್ತ ಬೇಗ ತುಂಬುತ್ತದೆ. ಪ್ಲಗ್ ಕಿತ್ತು ಬ್ರಷ್‌ನಿಂದ ತೆಗೆಯಬೇಕು. ಕೈಪಿಡಿ ತೋರಿಸಿದಲ್ಲಿಗಷ್ಟೇ ಹೊಲಿಗೆ ಯಂತ್ರದ ಎಣ್ಣೆ ಹಾಕಬೇಕು, ತೆಂಗಿನೆಣ್ಣೆ ಅಂಟುಗಟ್ಟುತ್ತದೆ. ಗುಂಡುಸೂಜಿ ಸಿಕ್ಕು ಕತ್ತಿಯ ಅಲಗು ಮುರಿದರೆ ಅದಕ್ಕೆ ವಾರಂಟಿ ಕೇಳುವುದು ನ್ಯಾಯವಲ್ಲ.

ಹೊಲಿಗೆ ಬಿಟ್ಟುಹೋದರೆ ಹೊಸ ಸೂಜಿ ಹಾಕಿ, ಪಾದವೆತ್ತಿ ಎಳೆಗಳನ್ನೆಲ್ಲ ಮತ್ತೆ ಪೋಣಿಸಿ ನೋಡಿರಿ. ಆಗಲೂ ಸರಿಹೋಗದಿದ್ದರೆ ಆ ಬಟ್ಟೆಯ ತುಂಡನ್ನೇ ದಿನಾಂಕ ಬರೆದು ರಸೀದಿಯೊಡನೆ ಇರಿಸಿರಿ. ಹೊರಗಿನ ಮೆಕ್ಯಾನಿಕ್‌ನಿಂದ ಯಂತ್ರ ಬಿಚ್ಚಿಸುವ ಮುನ್ನ ಮಾರಿದವರಿಗೆ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ದೋಷವನ್ನು ತಿಳಿಸಿರಿ.