ಅಡ್ಜಸ್ಟ್ ಮಾಡ್ಕೊಂಡ್ರೆ ಮನೆ ಆಗಲ್ಲ

ನಮ್ಮ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಬಂದವರ ಬಾಯಲ್ಲಿ ಎರಡೇ ಮಾತು. ಒಂದು ಪ್ಲೇಸ್‌ಮೆಂಟ್, ಇನ್ನೊಂದು ಎಂ.ಎಸ್. ಎಂ.ಎಸ್. ಅಂದ್ರೆ ಈಗ ಅಮೆರಿಕ ಜೊತೆಗೆ ಜರ್ಮನಿ ಹೆಸರೂ ಜೋರಾಗಿ ಕೇಳಿಸುತ್ತೆ, ಯಾಕಂದ್ರೆ ಅಲ್ಲಿನ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ. ಸೀನಿಯರ್‌ಗಳು ಆನ್‌ಲೈನ್ ಸೆಷನ್ ಕೊಟ್ಟಾಗ ನಾವು ಕೇಳೋ ಪ್ರಶ್ನೆಗಳೂ ಫಿಕ್ಸ್: ಸಿಜಿಪಿಎ ಎಷ್ಟಿರಬೇಕು, ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬ್ಯಾಂಡ್ ಬೇಕು, ಎಸ್‌ಒಪಿ ಹೇಗೆ ಬರೀಬೇಕು. ಅಲ್ಲಿ ಇಳಿದ ಮೇಲೆ ಎಲ್ಲಿ ಇರೋದು ಅಂತ ಕೇಳೋರು ಕಮ್ಮಿ. ಕೇಳಿದ್ರೂ ಬರೋ ಉತ್ತರ ಒಂದೇ: "ಹೆಂಗೋ ಆಗುತ್ತೆ ಮಗಾ, ಯಾರ್ದಾದ್ರೂ ರೂಮಲ್ಲಿ ಅಡ್ಜಸ್ಟ್ ಮಾಡ್ಕೋಬಹುದು."

ನಾನು ಹೇಳೋದು ಇಷ್ಟೇ. ಈ "ಅಡ್ಜಸ್ಟ್" ಅನ್ನೋ ಪದವನ್ನ ನಾವು ಇಲ್ಲೇ ಬಿಟ್ಟು ಹೋಗಬೇಕು. ಇಲ್ಲಿ ಅದು ಒಳ್ಳೆ ಗುಣ ಇರಬಹುದು. ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂರೋಕೆ ಅದು ಸಾಕು. ಆದರೆ ಪರದೇಶದಲ್ಲಿ ಒಂದು ಬಾಡಿಗೆ ಮನೆ ಹಿಡಿದು ನೆಲೆ ನಿಲ್ಲೋಕೆ ಅದು ಸಾಲಲ್ಲ. ಎಷ್ಟೋ ಸಲ ಅದೇ ನಮ್ಮನ್ನ ಕಷ್ಟಕ್ಕೆ ತಳ್ಳುತ್ತೆ.

ನನ್ನ ದೊಡ್ಡಪ್ಪನ ಮಗಳು ಡ್ರೆಸ್ಡೆನ್‌ನಲ್ಲಿ ಓದ್ತಾ ಇದ್ದಾಳೆ. ಹೋದ ಹೊಸದರಲ್ಲಿ ಅವಳಿಗೆ ಒಂದು ರೂಮ್ ಸಿಕ್ಕಿತು, ಬಾಡಿಗೆಯೂ ಕಮ್ಮಿ. ಓನರ್ ಹಾಕಿದ ಕಂಡೀಷನ್ ಒಂದೇ: "ಇಲ್ಲಿ ಇರಬಹುದು, ಆದರೆ ಈ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸಬಾರದು." ಕೇಳೋಕೆ ಇದು ಸಣ್ಣ ವಿಷಯ. ನಮ್ಮೂರಲ್ಲಿ ಬಾಡಿಗೆ ಅಗ್ರಿಮೆಂಟೇ ಇಲ್ಲದೆ ವರ್ಷಗಟ್ಟಲೆ ಇರೋರಿದ್ದಾರೆ. ಜರ್ಮನಿಯಲ್ಲಿ ಮಾತ್ರ ಹೊಸ ಮನೆಗೆ ಬಂದ ಎರಡು ವಾರದೊಳಗೆ ಊರಿನ ಆಫೀಸಿಗೆ ಹೋಗಿ ವಿಳಾಸ ನೋಂದಾಯಿಸಲೇಬೇಕು. ಇದಕ್ಕೆ ಅವರು 'ಆನ್‌ಮೆಲ್ಡುಂಗ್' ಅಂತಾರೆ. ಮುಂದಿನ ಎಲ್ಲಾ ಕಾಗದಗಳೂ ಇದರ ಬಾಲ ಹಿಡ್ಕೊಂಡೇ ಬರೋದು. ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕೋಕೆ ಇದು ಬೇಕು. ಪಾರ್ಟ್‌ಟೈಮ್ ಕೆಲಸಕ್ಕೆ ಬೇಕಾಗೋ ಟ್ಯಾಕ್ಸ್ ನಂಬರ್ ನೋಂದಣಿ ಆದ ಮೇಲೇ ಅಂಚೆಯಲ್ಲಿ ಮನೆಗೆ ಬರುತ್ತೆ. ಅಂದ್ರೆ ನೋಂದಣಿ ಇಲ್ಲದ ರೂಮಲ್ಲಿ ನಿಮಗೆ ಮಂಚ ಇದೆ, ವಿಳಾಸ ಇಲ್ಲ.

ಅಕ್ಕ "ಒಂದೆರಡು ತಿಂಗಳು ಅಡ್ಜಸ್ಟ್ ಮಾಡ್ಕೊಳ್ತೀನಿ" ಅಂತ ಒಪ್ಪಿಕೊಳ್ಳಲಿಲ್ಲ. ಅವಳಿಗೆ ಒಂದು ಪಾಯಿಂಟ್ ಗೊತ್ತಿತ್ತು. ಬಾಡಿಗೆದಾರರು ಮನೆಗೆ ಬಂದಿದ್ದಾರೆ ಅಂತ ಓನರ್ ಸಹಿ ಮಾಡಿದ ಪತ್ರ ಕೊಡಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತೆ, ಅದು ಓನರ್ ದಯೆ ಅಲ್ಲ. ಆ ಪತ್ರ ಕೇಳಿದಳು. ಅವನು ಆಗಲ್ಲ ಅಂದ. ಇವಳು ರೂಮೇ ಬೇಡ ಅಂದಳು. ಮೂರು ವಾರ ಹಾಸ್ಟೆಲ್ಲಿನ ಒಂದು ಡಾರ್ಮಿಟರಿಯಲ್ಲಿ ಇದ್ದು ಆಮೇಲೆ ಬೇರೆ ಮನೆ ಹಿಡಿದಳು. ದುಡ್ಡು ಜಾಸ್ತಿ ಖರ್ಚಾಯ್ತು, ದೊಡ್ಡಮ್ಮ ಫೋನಲ್ಲಿ ಅತ್ತದ್ದೂ ಆಯ್ತು. ಆದರೂ ಅವಳು ಮಾಡಿದ್ದೇ ಸರಿ ಅಂತ ನನಗೆ ಅನಿಸುತ್ತೆ. ಅಂಥದ್ದೇ ರೂಮಿಗೆ ಒಪ್ಪಿಕೊಂಡ ಅವಳ ಕ್ಲಾಸ್‌ಮೇಟ್ ಒಬ್ಬ ಸೆಮಿಸ್ಟರ್ ಅರ್ಧ ಮುಗಿದರೂ ಪರ್ಮಿಟ್ ಕಾಗದಕ್ಕೆ ಅಲೆದಾಡ್ತಾ ಇದ್ದ.

ಇನ್ನೊಂದು ವಿಷಯ ಕೇಳಿ ನನಗೆ ನಗು ಬಂತು. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಮ್ಮ ಥರ ಫ್ಲ್ಯಾಟ್ ನಂಬರ್ ನೋಡಿ ಪತ್ರ ಹಾಕಲ್ಲ, ಡಬ್ಬಿ ಮೇಲಿನ ಹೆಸರು ನೋಡಿ ಹಾಕ್ತಾರೆ. ನಿಮ್ಮ ಹೆಸರು ಅಲ್ಲಿ ಇಲ್ಲ ಅಂದ್ರೆ ಪತ್ರ ವಾಪಸ್. ಬ್ಯಾಂಕ್ ಕಾರ್ಡಿನ ಪಿನ್ ಸಮೇತ ಎಷ್ಟೋ ವಿಷಯ ಇವತ್ತಿಗೂ ಅಂಚೆಯಲ್ಲೇ ಬರೋ ದೇಶ ಅದು. ಹಾಗಾಗಿ ಹೊಸ ಮನೆಗೆ ಹೋದ ದಿನ ಹಾಲು ಉಕ್ಕಿಸೋಕೂ ಮುಂಚೆ ಡಬ್ಬಿ ಮೇಲೆ ಹೆಸರು ಅಂಟಿಸಬೇಕು.

ಈಗ ದುಡ್ಡಿನ ಮಾತು. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷಕ್ಕೆ 11,904 ಯೂರೋ ಇಡಬೇಕು, ಅಂದ್ರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಅದರಿಂದ ನಮ್ಮ ಕೈಗೆ ಬರೋದು ತಿಂಗಳಿಗೆ 992 ಯೂರೋ ಮಾತ್ರ. ನಮ್ಮಲ್ಲಿ ಬಹಳ ಜನರಿಗೆ ಇದು ಅಪ್ಪ ಸೈಟ್ ಅಡ ಇಟ್ಟೋ ಎಜುಕೇಶನ್ ಲೋನ್ ಮಾಡಿಯೋ ತಂದ ದುಡ್ಡು. ಇದರಲ್ಲೇ ಬಾಡಿಗೆ, ಇನ್ಶೂರೆನ್ಸ್, ಊಟ ಎಲ್ಲಾ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋ ಪದ್ಧತಿ ಕೇಳಿ ಬೆಳೆದ ನಮಗೆ, ಯಾರಾದ್ರೂ ಐದು ತಿಂಗಳ ಅಡ್ವಾನ್ಸ್ ಕೇಳಿದ್ರೆ ಚೀಪಾಯ್ತು ಅನಿಸುತ್ತೆ. ಆದರೆ ಜರ್ಮನಿಯಲ್ಲಿ ಡೆಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗಿಲ್ಲ, ಅದೂ ಹೀಟಿಂಗ್, ನೀರು, ಕಸದ ಖರ್ಚು ಸೇರಿಸದ ಬರೀ ಬಾಡಿಗೆ ಮೇಲೆ. ಅದನ್ನೂ ಮೂರು ಕಂತಲ್ಲಿ ಕಟ್ಟೋ ಹಕ್ಕು ನಮಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಇದು ಗೊತ್ತಿಲ್ಲದೆ ಹೋದ್ರೆ ಅವರು ಕೇಳಿದಷ್ಟು ಒಂದೇ ಸಲ ಕೊಟ್ಟು ಮೊದಲ ತಿಂಗಳು ಬ್ರೆಡ್ಡು ಜಾಮಲ್ಲಿ ಕಳೀಬೇಕು.

ಬಾಡಿಗೆ ಅನ್ನೋ ಪದದಲ್ಲೂ ಎರಡು ಲೆಕ್ಕ. 'ಕಾಲ್ಟ್' ಅಂದ್ರೆ ತಣ್ಣಗಿನ ಬಾಡಿಗೆ, ಬರೀ ಗೋಡೆಗೆ. 'ವಾರ್ಮ್' ಅಂದ್ರೆ ಬೆಚ್ಚಗಿನ ಬಾಡಿಗೆ, ಸಾಮಾನ್ಯವಾಗಿ ಹೀಟಿಂಗ್, ನೀರು ಇತ್ಯಾದಿ ಸೇರಿ. ಕರೆಂಟು ಮತ್ತು ಇಂಟರ್ನೆಟ್ ಎಷ್ಟೋ ಸಲ ಇದರಲ್ಲೂ ಇರಲ್ಲ. ಜಾಹೀರಾತಲ್ಲಿ ತಣ್ಣಗಿನ ಸಂಖ್ಯೆ ನೋಡಿ ಖುಷಿ ಪಟ್ಟರೆ ಕೈ ಸುಡುತ್ತೆ. ಇದರ ಮೇಲೆ ಟಿವಿ, ರೇಡಿಯೋ ಇಲ್ಲದಿದ್ರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಅದು ಮನೆಗೊಂದು, ತಲೆಗೊಂದಲ್ಲ. ಮೂರು ಜನ ಇದ್ದರೆ ಹಂಚಿಕೊಳ್ಳಬಹುದು. ಇನ್ನು 'ಖಾಲಿ ಮನೆ' ಅಂದ್ರೆ ಅಲ್ಲಿ ಎಷ್ಟೋ ಕಡೆ ನಿಜವಾಗ್ಲೂ ಖಾಲಿ. ಅಡುಗೆಮನೆಯಲ್ಲಿ ಒಲೆ ಇರಲ್ಲ, ಸಿಂಕ್ ಕೂಡ ಇರಲ್ಲ. ಹಿಂದಿನವರು ಕಿತ್ತುಕೊಂಡು ಹೋಗಿರ್ತಾರೆ!

ಇದಕ್ಕಿಂತ ಭಯ ಹುಟ್ಟಿಸೋದು ಮೋಸ. ಫೋಟೋದಲ್ಲಿ ಚೆಂದದ ಮನೆ, ಬಾಡಿಗೆ ಅರ್ಧ, ಓನರ್ "ನಾನು ಬೇರೆ ದೇಶದಲ್ಲಿದ್ದೀನಿ, ಡೆಪಾಸಿಟ್ ಕಳಿಸಿ, ಕೀ ಪೋಸ್ಟಲ್ಲಿ ಬರುತ್ತೆ" ಅಂತಾನೆ. ಕೀ ಬರಲ್ಲ. ಇಲ್ಲಿ ಕೂತು ಅಲ್ಲಿನ ಮನೆ ಹುಡುಕೋ ನಮ್ಮಂಥವರೇ ಇದಕ್ಕೆ ಸುಲಭದ ಬಲಿ. ಮನೆಯನ್ನ ನಾವು ಅಥವಾ ನಮ್ಮವರು ಯಾರಾದರೂ ಕಣ್ಣಾರೆ ನೋಡೋ ತನಕ ಒಂದು ಸೆಂಟ್ ಕೂಡ ಕಳಿಸಬಾರದು. ಇದಕ್ಕಿಂತ ಸೇಫ್ ದಾರಿ ಸ್ಟೂಡೆಂಟ್ ಸರ್ವೀಸ್ ಸಂಸ್ಥೆಗಳ ಹಾಸ್ಟೆಲ್. ಜರ್ಮನ್‌ನಲ್ಲಿ 'ಶ್ಟುಡಿಯೆರೆಂಡೆನ್‌ವೆರ್ಕ್' ಅಂತಾರೆ, ಬಾಡಿಗೆಯೂ ಸಾಮಾನ್ಯವಾಗಿ ಹೊರಗಿಗಿಂತ ಕಮ್ಮಿ. ಆದರೆ ಕ್ಯೂ ಉದ್ದ. ಅಡ್ಮಿಷನ್ ಲೆಟರ್ ಫೋಟೋ ಇನ್‌ಸ್ಟಾದಲ್ಲಿ ಹಾಕೋ ದಿನವೇ ಇದಕ್ಕೂ ಅರ್ಜಿ ಹಾಕಬೇಕು.

ಮನೆ ಸಿಕ್ಕ ಮೇಲೂ ನಮ್ಮ ಅಭ್ಯಾಸಗಳು ಸುಮ್ಮನೆ ಬಿಡಲ್ಲ. ಅಲ್ಲಿ ಹೆಚ್ಚಿನ ಬಚ್ಚಲಲ್ಲಿ ನೆಲಕ್ಕೆ ಡ್ರೈನ್ ಇರಲ್ಲ. ಬಕೆಟ್ಟು ಚೊಂಬು ಹಿಡಿದು ಸ್ನಾನ ಮಾಡಿದ್ರೆ ನೀರು ಕೆಳಗಿನ ಮನೆ ಸೀಲಿಂಗಿಗೆ ಇಳಿಯುತ್ತೆ, ರಿಪೇರಿ ಬಿಲ್ ನಮಗೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಅನ್ನ ಬೇಯಿಸಿ ಬಟ್ಟೆ ಒಣಗಿಸಿದ್ರೆ ಗೋಡೆಗೆ ಬೂಷ್ಟು ಹಿಡಿಯುತ್ತೆ. ಅದಕ್ಕೇ ಅವರು ಕೊರೆಯೋ ಚಳಿಯಲ್ಲೂ ದಿನಕ್ಕೆ ಎರಡು ಮೂರು ಸಲ ಐದತ್ತು ನಿಮಿಷ ಕಿಟಕಿ ಪೂರ್ತಿ ತೆಗೀತಾರೆ. ಒಗ್ಗರಣೆ ಹೊಗೆಗೆ ಸ್ಮೋಕ್ ಅಲಾರ್ಮ್ ಕಿರುಚಬಹುದು. ರಾತ್ರಿ ಹತ್ತರ ಮೇಲೆ ಸದ್ದು ಮಾಡಿದ್ರೆ ಪಕ್ಕದವರು ಬಾಗಿಲು ಬಡೀತಾರೆ. ಹಾಗಂತ ಒಗ್ಗರಣೆ ಬಿಡಿ ಅಂತ ನಾನು ಹೇಳ್ತಿಲ್ಲ. ಕಿಟಕಿ ತೆಗೆದು ಹಾಕಿ. "ಮನೆ ಅಂದ್ರೆ ಅದೂ ಒಂದು ಮೆಷೀನ್ ಕಣೋ, ಮ್ಯಾನ್ಯುಯಲ್ ಓದಿ ಬಳಸ್ಬೇಕು" ಅಂತಾಳೆ ಅಕ್ಕ. ಮೆಕ್ಯಾನಿಕಲ್ ಓದಿದವಳು, ಹಾಗೇ ಮಾತಾಡ್ತಾಳೆ.

ಇದಕ್ಕೆ ಒಂದು ಎದುರು ಮಾತು ಇದೆ, ಅದು ನ್ಯಾಯವೇ. "ಮ್ಯೂನಿಕ್‌ನಂಥ ದುಬಾರಿ ಊರಲ್ಲಿ ರೂಮೇ ಸಿಗಲ್ಲ, ಸಿಕ್ಕಿದ್ದು ಹಿಡ್ಕೋಬೇಕು, ರೂಲ್ಸ್ ಮಾತಾಡೋಕೆ ಆಗುತ್ತಾ?" ನಿಜ, ಎಲ್ಲರಿಗೂ ಅಕ್ಕನ ಹಾಗೆ ಮೂರು ವಾರ ಕಾಯೋ ದುಡ್ಡಿರಲ್ಲ. ಆದರೆ ನಾನು ಐಷಾರಾಮಿ ಮನೆ ಕೇಳಿ ಅಂತಿಲ್ಲ. ಸಣ್ಣ ರೂಮಿರಲಿ, ನಾಲ್ಕು ಜನ ಹಂಚಿಕೊಂಡ ಫ್ಲ್ಯಾಟಿರಲಿ, ಊರಾಚೆ ಇರಲಿ. ಜಾಗದಲ್ಲಿ ರಾಜಿ ಮಾಡ್ಕೊಳ್ಳಿ, ಕಾಗದದಲ್ಲಿ ಬೇಡ. ಕಾಂಟ್ರ್ಯಾಕ್ಟ್‌ನಲ್ಲಿ ನಮ್ಮ ಹೆಸರು, ನೋಂದಣಿ, ಕೀ ತಗೊಳ್ಳೋ ದಿನ ಗೋಡೆ ಕಲೆ, ಮೀಟರ್ ರೀಡಿಂಗ್ ಎಲ್ಲಾ ಬರೆದು ಇಬ್ಬರೂ ಸಹಿ ಹಾಕಿದ ಪಟ್ಟಿ, ಈ ಮೂರು ಇರಲೇಬೇಕು. ಆ ಪಟ್ಟಿ ಇದ್ದರೆ ಹಳೇ ಕಲೆಗೆ ನಮ್ಮ ಡೆಪಾಸಿಟ್ ಹಿಡಿಯೋದು ಕಷ್ಟ.

ನಮ್ಮ ತಲೆಮಾರಿನ ನಿಜವಾದ ಕೊರತೆ ಜರ್ಮನ್ ಭಾಷೆ ಅಲ್ಲ ಅನಿಸುತ್ತೆ. ನಾವು ಇವತ್ತಿನವರೆಗೂ ಒಂದು ಮನೆ ನಡೆಸಿಲ್ಲ. ಊರಲ್ಲಿ ಅಪ್ಪ ಅಮ್ಮ, ಇಲ್ಲಿ ವಾರ್ಡನ್ನು ಅಥವಾ ಪಿಜಿ ಆಂಟಿ. ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದನ್ನ ಕಲಿಯೋಕೆ ಫಾರಿನ್ನಿಗೆ ಹೋಗಬೇಕಿಲ್ಲ. ರಜೆಗೆ ಹೋದಾಗ ಮನೆ ಬಾಡಿಗೆ ಅಗ್ರಿಮೆಂಟ್ ತೆಗೆದು ಓದಿ. ಪಿಜಿ ರಸೀದಿ ಕೇಳಿ ಇಸ್ಕೊಳ್ಳಿ. ಒಂದು ತಿಂಗಳ ಖರ್ಚು ಬರೆದಿಡಿ. ಅಡುಗೆ ಬರದವರು ಒಂದು ಸಾರು ಕಲೀರಿ.

ನಮ್ಮ ಕನ್ನಡ ಸಂಘಕ್ಕೂ ಒಂದು ಮನವಿ. ವಿದೇಶದಲ್ಲಿರೋ ನಮ್ಮ ಕಾಲೇಜಿನ ಸೀನಿಯರ್‌ಗಳಿಂದ ಊರೂರಿನ ಮನೆ ಮಾಹಿತಿ ಕನ್ನಡದಲ್ಲೇ ಬರೆಸಿ ಒಂದು ಕಡೆ ಇಡೋಣ. ಯಾವ ಏರಿಯಾ, ಬಾಡಿಗೆ ಎಷ್ಟು, ಯಾವ ಕಾಗದ ಬೇಕು, ಇಷ್ಟಿದ್ರೆ ಸಾಕು. ಹೋಗೋರ ಜೊತೆ ಅವರ ಅಪ್ಪ ಅಮ್ಮನೂ ಅದನ್ನ ಓದಿ ಅರ್ಥ ಮಾಡ್ಕೊಳ್ಳಲಿ, ಯಾಕಂದ್ರೆ ಡೆಪಾಸಿಟ್ ಕಟ್ಟೋರು ಅವರೇ. ಮುಂದಿನ ಎಂ.ಎಸ್. ಸೆಷನ್ನಲ್ಲಿ ಸಿಜಿಪಿಎ ಪ್ರಶ್ನೆ ಎರಡನೇದಾಗಿ ಬರಲಿ. ಮೊದಲನೇ ಪ್ರಶ್ನೆ ಮನೆದಿರಲಿ.