ಸಂಘಗಳ ಕಂಪ್ಯೂಟರಿಗೂ ಬೇಕು ವಾಚ್‌ಮನ್

ಮುಂಬಯಿ: 2017ರ ಜೂನ್ ಕೊನೆಯ ವಾರದಲ್ಲಿ ನವಿಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನ ಕೆಲಸ ಸ್ಥಗಿತಗೊಂಡಿತು. ಇದಕ್ಕೆ ಕಾರಣ ಮುಷ್ಕರವೂ ಅಲ್ಲ, ಮಳೆಯೂ ಅಲ್ಲ. ಟರ್ಮಿನಲ್ ನಡೆಸುತ್ತಿದ್ದ ಡೆನ್ಮಾರ್ಕಿನ ಮರ್ಸ್ಕ್ ಸಮೂಹದ ಜಾಲಕ್ಕೆ ‘ನಾಟ್‌ಪೆಟ್ಯಾ’ ಎಂಬ ದುಷ್ಟ ತಂತ್ರಾಂಶ ನುಗ್ಗಿತ್ತು. ಆ ಸಮೂಹ ಸುಮಾರು 45,000 ಕಂಪ್ಯೂಟರ್‌ಗಳನ್ನೂ 4,000 ಸರ್ವರ್‌ಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು.

ಕಂಪ್ಯೂಟರನ್ನು ಹೌಸಿಂಗ್ ಸೊಸೈಟಿಯ ಕಟ್ಟಡವೆಂದು ಭಾವಿಸಿದರೆ, ಐಪಿ ಸಂಖ್ಯೆ ಕಟ್ಟಡದ ವಿಳಾಸ, ಪೋರ್ಟ್ ಎಂಬುದು ಫ್ಲ್ಯಾಟ್ ನಂಬರು. ಇವು 0ರಿಂದ 65,535ರ ತನಕ ಇವೆ. ಸುರಕ್ಷಿತ ವೆಬ್‌ಸೈಟ್‌ಗಳಿಗೆ 443, ಕಚೇರಿಯೊಳಗಿನ ಫೈಲ್ ಹಂಚಿಕೆಗೆ 445, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389. ಒಳಗೆ ಒಂದು ತಂತ್ರಾಂಶ ಹೊರಗಿನ ಕರೆಗೆ ಓಗೊಡಲು ಕಾದಿದ್ದರೆ ಆ ಪೋರ್ಟ್ ತೆರೆದಿದೆ ಎಂದರ್ಥ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವ ವಾಚ್‌ಮನ್ನನೇ ಫೈರ್‌ವಾಲ್.

ಪೋರ್ಟ್ ತೆರೆದಿರುವುದೇ ತಪ್ಪಲ್ಲ, ಅಗತ್ಯವಿಲ್ಲದೆ ತೆರೆದಿರುವುದು ತಪ್ಪು. ನಾಟ್‌ಪೆಟ್ಯಾಗೆ ಆರು ವಾರ ಮೊದಲು, 2017ರ ಮೇ ತಿಂಗಳಲ್ಲಿ, ‘ವನ್ನಾಕ್ರೈ’ 445ನೇ ಪೋರ್ಟ್ ಮೂಲಕ ಸುಮಾರು 150 ದೇಶಗಳಿಗೆ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತ್ತು. ಅದು ಬಳಸಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ನೀಡಿತ್ತು. ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ದರು. ನಾಟ್‌ಪೆಟ್ಯಾ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಜೊತೆ ಒಳಬಂದು, ಬಳಿಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿತು. ಗೇಟಿನಲ್ಲಿ ಕಾವಲಿದ್ದರೆ ಸಾಲದು, ಒಳಬಾಗಿಲುಗಳಿಗೂ ಚಿಲಕ ಬೇಕು ಎಂಬುದು ಇದರ ಪಾಠ.

ನಮ್ಮ ಸಂಘ-ಸಂಸ್ಥೆಗಳ ಕಂಪ್ಯೂಟರ್‌ಗಳಲ್ಲಿ ಸದಸ್ಯರ ವಿಳಾಸ, ದೂರವಾಣಿ ಸಂಖ್ಯೆ, ವಿದ್ಯಾರ್ಥಿವೇತನದ ಅರ್ಜಿ, ದೇಣಿಗೆಯ ಲೆಕ್ಕ ಎಲ್ಲವೂ ಇರುತ್ತವೆ. ಲೆಕ್ಕ ಬರೆಯುವವರು ಮನೆಯಿಂದ ಕೆಲಸ ಮಾಡಲೆಂದು ರೂಟರ್‌ನಲ್ಲಿ ತೆರೆದ 3389 ಆ ಬಳಿಕವೂ ಹಾಗೆಯೇ ಉಳಿಯಬಹುದು. ಪ್ರಿಂಟರ್ ಕೆಲಸ ಮಾಡಲಿಲ್ಲವೆಂದು ಆಫ್ ಮಾಡಿದ ಫೈರ್‌ವಾಲನ್ನು ಮತ್ತೆ ಆನ್ ಮಾಡಲು ಮರೆಯುವುದೂ ಉಂಟು.

ವಿಂಡೋಸ್‌ನಲ್ಲಿ ‘ನೆಟ್‌ಸ್ಟಾಟ್ -a’ ಆದೇಶ ಕೊಟ್ಟರೆ ‘ಲಿಸನಿಂಗ್’ ಸ್ಥಿತಿಯ ಪೋರ್ಟ್‌ಗಳು ಕಾಣುತ್ತವೆ. ರೂಟರಿನಲ್ಲಿ ಹೊರಗಿನವರಿಗೆ ಯಾವುದು ತೆರೆದಿದೆ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಬೇಡದ್ದನ್ನು ಮುಚ್ಚಿ, ಅಪ್‌ಡೇಟ್ ಹಾಕಿ, ದಾಖಲೆಗಳ ಒಂದು ಪ್ರತಿಯನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಇಡಬೇಕು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ನಡೆಸುವ ಕಾರ್ಯಕಾರಿ ಸಮಿತಿಗಳು ಈ ಪರಿಶೀಲನೆಯನ್ನೂ ಜೊತೆಗೇ ಮಾಡಿಸುವುದು ಒಳಿತು. ಸದಸ್ಯರು ನಂಬಿ ಕೊಟ್ಟ ಮಾಹಿತಿಯನ್ನು ಕಾಯುವುದೂ ಪದಾಧಿಕಾರಿಗಳ ಹೊಣೆಯೇ.